ಒಂದು ಉಸಿರಿನ ಫೋಟೋ

ಹವ್ಯಾಸ ಒಂದಿದ್ದರೆ ಮನೆಯವರು ಸಹಿಸಿಕೊಳ್ಳುತ್ತಾರೆ. ಎರಡಾದರೆ, ಒಂದನ್ನಾದರೂ ಬಿಡಬಾರದೇ ಎನ್ನುತ್ತಾರೆ. ಎರಡನ್ನೂ ಒಂದೇ ಹೊತ್ತಿಗೆ, ಅದೂ ಮೊಣಕಾಲುದ್ದದ ಹರಿಯುವ ನೀರಿನಲ್ಲಿ ನಿಂತು ಮಾಡಹೊರಟರೆ ಏನೆನ್ನುತ್ತಾರೋ ನೀವೇ ಊಹಿಸಿ. ಫೋಟೋ ತೆಗೆಯುವ ಹುಚ್ಚು ನನಗೆ ಹಳೆಯದು. ಶಾಲೆಯ ವಾರ್ಷಿಕೋತ್ಸವ, ನೆಂಟರ ಮದುವೆ, ತಾರಸಿಯಲ್ಲಿ ಒಣಗುವ ಸಂಡಿಗೆ, ಅದನ್ನು ಕದಿಯಲು ಬಂದ ಕಾಗೆ, ಯಾವುದನ್ನೂ ಬಿಟ್ಟವಳಲ್ಲ. ಟ್ರೌಟ್ ಮೀನಿನ ಗಾಳ ಮಾತ್ರ ಹೊಸದು. ಅದನ್ನು ಅಂಟಿಸಿದವರು ಮಗಳು ಮತ್ತು ಅಳಿಯ. ಬೇಸಿಗೆ ರಜೆಯಲ್ಲಿ ಹಿಮಾಚಲ ಪ್ರದೇಶದ ತೀರ್ಥನ್ ಕಣಿವೆಗೆ ಕರೆದೊಯ್ದು, ಕೈಗೊಂದು ಕೋಲು ಕೊಟ್ಟು, "ಅಮ್ಮ, ನೀನೂ ಕಲಿ" ಎಂದರು.

ತೀರ್ಥನ್ ಹೆಸರಿಗೆ ತಕ್ಕ ಹೊಳೆ. ತಳದ ಕಲ್ಲುಗಳನ್ನು ಎಣಿಸುವಷ್ಟು ತಿಳಿನೀರು, ಕಾಲಿಟ್ಟರೆ ನೆತ್ತಿಗೇರುವ ಚಳಿ. 2014ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನದ ಬೆಟ್ಟಗಳಿಂದ ಇಳಿದು ಬಂದು, ಲಾರ್ಜಿಯ ಹತ್ತಿರ ಬಿಯಾಸ್ ನದಿಯನ್ನು ಕೂಡುತ್ತದೆ. ಟ್ರೌಟ್ ಇಲ್ಲಿಯ ಹುಟ್ಟು ಮೀನಲ್ಲ. ತಮ್ಮ ಊರಿನ ಆಟ ಇಲ್ಲೂ ಬೇಕೆಂದು ಬ್ರಿಟಿಷರು ಮೊಟ್ಟೆಗಳನ್ನು ಹಡಗಿನಲ್ಲಿ ತರಿಸಿದರು. ಮೊದಲ ಸಲದವು ದಾರಿಯಲ್ಲೇ ಕೆಟ್ಟವು. 1900ರಲ್ಲಿ ಬಂದವು ಕಾಶ್ಮೀರದಲ್ಲಿ ಬದುಕಿದವು. ಅಲ್ಲಿಂದ 1909ರಲ್ಲಿ ಕುಲು ಸೀಮೆಗೆ ಬಂದವು. ಹೊರಗಿನಿಂದ ಬಂದ ಸೊಸೆ ಮನೆಯ ಯಜಮಾನಿಯಾದಂತೆ, ಈಗ ಈ ಹೊಳೆ ಎಂದರೆ ಟ್ರೌಟ್ ಎನ್ನುವಂತಾಗಿದೆ.

ಫ್ಲೈ ಫಿಶಿಂಗ್ ಎಂದರೆ ನಾವು ಕೆರೆ ಏರಿಯ ಮೇಲೆ ಕಂಡಿರುವಂತೆ ಎರೆಹುಳ ಸಿಕ್ಕಿಸಿ ಕೂರುವುದಲ್ಲ. ಪುಟ್ಟ ಕೊಕ್ಕೆಗೆ ಹಕ್ಕಿಗರಿ, ಉಣ್ಣೆ, ರೇಷ್ಮೆ ನೂಲು ಸುತ್ತಿ ನೊಣದಂಥ ಕೀಟವೊಂದನ್ನು ಮಾಡಿರುತ್ತಾರೆ. ಅದಕ್ಕೆ ಹೂವಿನ ಎಸಳಿನಷ್ಟೂ ಭಾರವಿಲ್ಲ. ಎಸೆದರೆ ಮುಂದೆ ಹೋಗದು. ಅದಕ್ಕೇ ದಾರವನ್ನೇ ತೂಕವಾಗಿ ಮಾಡಿ, ಆ ದಾರವನ್ನು ಬೀಸಬೇಕು. ಗಡಿಯಾರದ ಮುಳ್ಳಿನಂತೆ ಕೋಲು ಹತ್ತು ಮತ್ತು ಎರಡರ ನಡುವೆ ಆಡಬೇಕು. ಹಿಂದಕ್ಕೆ ಬೀಸಿ, ದಾರ ಬೆನ್ನ ಹಿಂದೆ ನೆಟ್ಟಗಾಗುವವರೆಗೆ ಕಾದು, ಆಮೇಲೆ ಮುಂದಕ್ಕೆ. ಮೊದಲ ದಿನ ಕೊಕ್ಕೆಯಿಲ್ಲ, ನೀರೂ ಇಲ್ಲ. ತುದಿಗೆ ಉಣ್ಣೆಯ ಚೂರು ಕಟ್ಟಿ ಹುಲ್ಲಿನ ಮೇಲೆ ಅಭ್ಯಾಸ. ಅಕ್ಷರ ತಿದ್ದಿಸಿದ ಕೈಗೆ ಅಕ್ಷರ ತಿದ್ದುವ ಸುಖ ಮತ್ತೆ ಸಿಕ್ಕಿತು.

ಈ ಕೀಟ ಕಟ್ಟುವ ಕೆಲಸ ನಮ್ಮ ಕಸೂತಿಯ ತಂಗಿ. ಸ್ಕಾಟ್ಲೆಂಡಿನ ಮೇಗನ್ ಬಾಯ್ಡ್ (1915–2001) ಎಂಬ ಹೆಂಗಸು ಒಂದು ಪುಟ್ಟ ಗುಡಿಸಿಲಿನಲ್ಲಿ ಕೂತು ಇವನ್ನು ಕಟ್ಟಿ ಲೋಕವಿಖ್ಯಾತರಾದರು. 1971ರಲ್ಲಿ ಪದಕ ಕೊಡುತ್ತೇವೆಂದು ಅರಮನೆಯಿಂದ ಕರೆ ಬಂದರೆ, ನಾಯಿಯನ್ನು ನೋಡಿಕೊಳ್ಳುವವರಿಲ್ಲವೆಂದು ಹೋಗಲಿಲ್ಲವಂತೆ. ಇಷ್ಟಾಗಿ, ಮೀನು ಹಿಡಿಯುವ ಗೀಳು ಮಾತ್ರ ಅವರಿಗೆ ಇರಲಿಲ್ಲ.

ಕ್ಯಾಮೆರಾ ಹಿಡಿದವರಿಗೆ ಈ ಆಟ ಸ್ವಲ್ಪ ಬೇಗ ಹತ್ತುತ್ತದೆ. ಬೆಳಕು ಎಲ್ಲಿಂದ ಬರುತ್ತಿದೆ, ನೆರಳು ಎಲ್ಲಿ ಬೀಳುತ್ತಿದೆ ಎಂದು ನೋಡುವ ಕಣ್ಣು ಮೊದಲೇ ಇರುತ್ತದಲ್ಲ. ಲೆನ್ಸಿಗೆ ಪೋಲರೈಸರ್ ಗಾಜು ಹಾಕಿ ತಿರುಗಿಸಿದರೆ ನೀರಿನ ಮೇಲಿನ ಹೊಳಪು ಮಾಯವಾಗಿ ತಳ ಕಾಣುತ್ತದೆ. ಕಲ್ಲಿನ ಮರೆಯಲ್ಲಿ, ಪ್ರವಾಹಕ್ಕೆ ಮುಖಮಾಡಿ, ತೇಲಿ ಬರುವ ತುತ್ತಿಗೆ ಕಾದು ನಿಂತ ಮೀನು ನನಗೆ ಕಂಡದ್ದು ಹೀಗೆ. ಆದರೆ ಜಗಳವೂ ಉಂಟು. ಫೋಟೋಕ್ಕೆ ಬಿಸಿಲು ಬೆನ್ನಿಗಿದ್ದರೆ ಚೆನ್ನ. ಆದರೆ ಹಾಗೆ ನಿಂತರೆ ನಮ್ಮ ನೆರಳು ನೀರಿಗೆ ಬಿದ್ದು ಮೀನು ಓಡುತ್ತದೆ. ಬೀಸಿದ ದಾರ ಚಿತ್ರದಲ್ಲಿ ನಿಲ್ಲಬೇಕಾದರೆ ಶಟರ್ 1/1000 ಸೆಕೆಂಡಿನಷ್ಟು ಚುರುಕಾಗಿರಬೇಕು. ನೀರು ಹಾಲಿನಂತೆ ಹರಿಯಬೇಕಾದರೆ 1/15ರಷ್ಟು ನಿಧಾನ. ಎರಡು ದೋಣಿಯಲ್ಲಿ ಕಾಲಿಟ್ಟವರ ಪಾಡು! ಕೊನೆಗೆ ಸರದಿ ಮಾಡಿಕೊಂಡೆವು. ಬೆಳಿಗ್ಗೆ ಕೋಲು ಮಗಳಿಗೆ, ಕ್ಯಾಮೆರಾ ನನಗೆ, ಸಂಜೆ ಅದಲುಬದಲು.

ಇದೆಲ್ಲ ಸರಿ. ಆದರೆ ನಾನು ಶೃಂಗೇರಿಯ ಮೆಟ್ಟಿಲ ಮೇಲೆ ಕೂತು ತುಂಗೆಯ ಮೀನುಗಳಿಗೆ ಮಂಡಕ್ಕಿ ಹಾಕಿ ಬೆಳೆದವಳು. ತಿನ್ನದ ಮೀನಿನ ಬಾಯಿಗೆ ಕೊಕ್ಕೆ ಹಾಕುವುದು ಯಾವ ನ್ಯಾಯ? ತಿನ್ನುವುದಕ್ಕೆ ಹಿಡಿಯುವವನಿಗೆ ಹಸಿವಾದರೂ ಇದೆ. ನಮಗಿರುವುದು ಬರೀ ಆಟ. ಕಲಿಸುತ್ತಿದ್ದ ಹಳ್ಳಿಯ ಹುಡುಗನನ್ನು ಕೇಳಿಯೇಬಿಟ್ಟೆ. ಅವನು ವಾದ ಮಾಡಲಿಲ್ಲ. ಇಕ್ಕಳದಿಂದ ಒತ್ತಿ ಹಿಮ್ಮುಳ್ಳು ಚಪ್ಪಟೆ ಮಾಡಿದ ಕೊಕ್ಕೆಯನ್ನು ತೋರಿಸಿ ಹೇಳಿದ: "ಆಂಟೀಜಿ, ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳಿ, ಒಣಗೈ ತಾಗಿದರೆ ಅದರ ಮೈಯ ಲೋಳೆ ಕಿತ್ತುಹೋಗುತ್ತದೆ. ಮೀನು ನೀರಿನಿಂದ ಮೇಲೆ ಬಂದ ಕೂಡಲೇ ನೀವೂ ಉಸಿರು ಕಟ್ಟಿಕೊಳ್ಳಿ. ನಿಮಗೆ ಉಸಿರು ಬೇಕೆನಿಸುವ ಮೊದಲೇ ಅದು ನೀರಿಗೆ ಹೋಗಬೇಕು."

ಮೂರನೆಯ ಬೆಳಿಗ್ಗೆ ಮಗಳ ದಾರ ಬಿಗಿಯಿತು. ಅಂಗೈ ಒದ್ದೆ ಮಾಡಿಕೊಂಡು ಅವಳು ಮೀನನ್ನೆತ್ತಿದಳು. ಜೇನುಬಣ್ಣದ ಮೈ, ಕಪ್ಪು ಚುಕ್ಕೆ, ಕೆಂಪು ಚುಕ್ಕೆ, ಚುಕ್ಕೆಯ ಸುತ್ತ ಬಿಳಿ ಉಂಗುರ. ಉಸಿರು ಕಟ್ಟಿ ಒತ್ತಿದೆ. "ಅಮ್ಮ, ಇನ್ನೊಂದು ತೆಗಿ, ಕಣ್ಣು ಮುಚ್ಚಿಬಿಟ್ಟಿದ್ದೆ" ಎಂದಳು. ಮೀನಿನ ಕಿವಿರು ತೆರೆದು ಮುಚ್ಚುತ್ತಿತ್ತು. ನನ್ನ ಎದೆಯೂ ಬಿಗಿಯತೊಡಗಿತ್ತು. "ಬಿಡು, ಪುಟ್ಟಿ" ಎಂದೆ. ಅವಳಿಗೆ ಸಿಟ್ಟು ಬಂದದ್ದು ಮುಖದಲ್ಲೇ ಕಂಡಿತು, ಆದರೂ ಬಗ್ಗಿದಳು. ನೀರಿನಲ್ಲಿ ಒಂದು ಗಳಿಗೆ ಮೀನು ಅವಳ ಬೆರಳುಗಳ ನಡುವೆಯೇ ನಿಂತು, ಬಾಲ ಬೀಸಿ ಕಲ್ಲಿನ ಕೆಳಗೆ ಸೇರಿತು.

ಪಾಪವೋ ಅಲ್ಲವೋ ಎಂಬ ಪ್ರಶ್ನೆ ಇದರಿಂದ ತೀರಲಿಲ್ಲ. ಸಂಜೆ ನನ್ನ ಸರದಿ ಬಂದಾಗ ಕೊಕ್ಕೆ ಬೇಡವೆಂದು ಹೇಳಿ ಉಣ್ಣೆಯ ಚೂರನ್ನೇ ಕಟ್ಟಿಸಿಕೊಂಡೆ. ದಾರ ನೆಟ್ಟಗೆ ಹೋಗಿ ನೀರಿನ ಮೇಲೆ ಸದ್ದಿಲ್ಲದೆ ಕೂತಾಗ, ನನಗೆ ಬೇಕಾದದ್ದು ಅಷ್ಟೇ ಎನಿಸಿತು. ಮಗಳು ಕೊಕ್ಕೆ ಬಿಡಲಿಲ್ಲ; ನಾನು ಬಲವಂತ ಮಾಡಲಿಲ್ಲ.

ಹೋಗುವ ಮನಸ್ಸಿದ್ದರೆ ನವೆಂಬರಿನಿಂದ ಫೆಬ್ರವರಿವರೆಗೆ ಬೇಡ. ಮೊಟ್ಟೆಯಿಡುವ ಕಾಲವೆಂದು ಆಗ ಟ್ರೌಟ್ ಹಿಡಿಯುವುದಕ್ಕೆ ನಿಷೇಧವಿದೆ. ಮೀನುಗಾರಿಕೆ ಇಲಾಖೆಯ ಪರವಾನಗಿ ಮೊದಲೇ ಪಡೆಯಿರಿ. ಕ್ಯಾಮೆರಾ ಮೊದಲೇ ಸಿದ್ಧಮಾಡಿಟ್ಟುಕೊಂಡು, ಆಮೇಲೆ ಮೀನನ್ನು ಎತ್ತಿಸಿ. ಒಂದೇ ಫೋಟೋ. ಅದರಲ್ಲಿ ಮಗಳ ಕಣ್ಣು ಮುಚ್ಚಿದ್ದರೂ ಚಿಂತೆಯಿಲ್ಲ. ನಮ್ಮ ಮನೆಯ ಗೋಡೆಯ ಮೇಲಿರುವುದೂ ಅಂಥದ್ದೇ.