ಕಣಗಲಾದಿಂದ ಘಾಟಿನ ಕೆಳಗೆ... ಗೊಂಬೆ ಎದ್ದು ಕುಂತಾವು, ಹುಷಾರ್!

ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ನಿಪ್ಪಾಣಿ ದಾಟಿ, ತವಂದಿ ಘಾಟ್ ಹಾಯ್ದು ಸಂಕೇಶ್ವರದ ಕಡೆ ಬಂದರೆ ಹುಕ್ಕೇರಿ ತಾಲೂಕಿನ ಕಣಗಲಾ. ಕಂಡಕ್ಟರ್ ಈ ಹೆಸರು ಕೂಗಿದರೆ ಹಿಂದಿನ ಸೀಟಿನ ಹುಡುಗರು ಮುಸಿಮುಸಿ ನಕ್ಕಾರು. ಯಾಕೆ ಅಂತ ಗೊತ್ತಲ್ಲ? 1985ರಲ್ಲಿ ಇಲ್ಲಿ ಶುರುವಾದ ಹಿಂದುಸ್ತಾನ್ ಲೇಟೆಕ್ಸ್ ಕಾರ್ಖಾನೆ!

ನಗ್ರಿ, ನಗ್ರಿ. ಆದರೆ ನಮ್ಮಂಥ ಸಿನಿಮಾ ಹುಚ್ಚರಿಗೆ ಲೇಟೆಕ್ಸ್ ಅಂದರೆ ಬೇರೊಂದು ನೆನಪಾಗಬೇಕು. ಬೆಳ್ಳಿತೆರೆಯ ಎಷ್ಟೋ ದೆವ್ವ-ರಾಕ್ಷಸರ ಚರ್ಮವೇ ಅದು! 1933ರ 'ಕಿಂಗ್ ಕಾಂಗ್' ಗೊರಿಲ್ಲಾ ಏನೆಂದುಕೊಂಡಿರಿ? ಒಳಗೆ ಲೋಹದ ಎಲುಬು, ಅದರ ಮೇಲೆ ರಬ್ಬರ್, ಹೊರಗೆ ಮೊಲದ ತುಪ್ಪಳ. ಅಷ್ಟೇ.

ಆ ವಂಶದ ಬಡ ಮೊಮ್ಮಗನೊಬ್ಬನಿದ್ದಾನೆ. ಹೆಸರು 'ಪಪೆಟ್ ಮಾಸ್ಟರ್'. ಚಾರ್ಲ್ಸ್ ಬ್ಯಾಂಡ್‌ನ ಫುಲ್ ಮೂನ್ ಕಂಪನಿ 1989ರಲ್ಲಿ ಅದನ್ನು ಥಿಯೇಟರಿಗೆ ಕಳಿಸದೆ ನೇರ ವಿಡಿಯೋ ಕ್ಯಾಸೆಟ್ಟಿಗೆ ಇಳಿಸಿತು. ಕ್ಯಾಸೆಟ್ ಓಡಿತು, 1990ರಲ್ಲಿ ಎರಡನೇ ಭಾಗ ಬಂತು. ಕೈಯಲ್ಲಿ ಕಾಸು ಕಡಿಮೆ, ಕಥೆ ಮಾತ್ರ ಭರ್ಜರಿ! ಗುಂಡುಸೂಜಿಯಂಥ ತಲೆ, ಪೈಲ್ವಾನನಂಥ ಮುಷ್ಟಿಯ ಗೊಂಬೆಯೊಂದು ರಾತ್ರಿ ಸ್ಮಶಾನದಲ್ಲಿ ಗೋರಿ ಅಗೆಯುತ್ತದೆ. ಒಳಗಿರುವವನು ತೂಲಾನ್, ಗೊಂಬೆಗಳ ಯಜಮಾನ. ಜೀವರಸ ಸುರಿದದ್ದೇ ತಡ, ಹೆಣ ಎದ್ದಿತು! ಆ ರಸಕ್ಕೆ ಮನುಷ್ಯರ ಮಿದುಳು ಬೇಕು, ಅದಕ್ಕಾಗಿ ಗೊಂಬೆಗಳು ಕೊಲೆಗಿಳಿಯುತ್ತವೆ. ಕೊನೆಗೆ ತಿಳಿಯುತ್ತದೆ, ಯಜಮಾನ ರಸವನ್ನು ತನಗೇ ಇಟ್ಟುಕೊಳ್ಳುತ್ತಿದ್ದಾನೆ ಅಂತ. ತಿರುಗಿ ಬಿದ್ದವು ನೋಡಿ! ರಕ್ತ, ಚಾಕು ಎಲ್ಲ ಇರಲಿ. ನನಗೆ ಚಿತ್ರದಲ್ಲಿ ಹಿಡಿಸಿದ್ದು ಈ ಒಂದು ಜಾಗ. ದುಡಿದವರಿಗೆ ಕೂಲಿ ಇಲ್ಲದಿದ್ದರೆ ಮರದ ತುಂಡಿಗೂ ಸಿಟ್ಟು ಬರುತ್ತದೆ.

ನಿರ್ದೇಶಕ ಡೇವಿಡ್ ಅಲೆನ್ ಸ್ವತಃ ಗೊಂಬೆ ಕುಣಿಸುವವ. ಕೂದಲೆಳೆಯಷ್ಟು ಸರಿಸು, ಒಂದು ಫ್ರೇಮ್ ತೆಗೆ, ಮತ್ತೆ ಸರಿಸು... ಸೆಕೆಂಡಿಗೆ 24ರಂತೆ ನಿಮಿಷಕ್ಕೆ 1440 ಫ್ರೇಮ್! ಅಷ್ಟು ಪುರುಸೊತ್ತು ಇಲ್ಲದ ಕಡೆ ಕಡ್ಡಿ, ದಾರ, ಮರೆಯಲ್ಲಿ ಕುಂತವನ ಕೈ.

ಹಾಗಾದರೆ ಬರೀ ಕೈಯಿಂದಲೇ ಜೀವ ತುಂಬುವವರು ಎಲ್ಲಿ? ದೂರವೇನಿಲ್ಲ. ಕಣಗಲಾದಿಂದ ಸಂಕೇಶ್ವರ, ಅಲ್ಲಿ ಬಲಕ್ಕೆ ಹೊರಳಿದರೆ ಗಡಹಿಂಗ್ಲಜ, ಆಜ್ರಾ, ಅಂಬೋಲಿ. ಸಂಕೇಶ್ವರದಲ್ಲಿ ಕಂಡ ಹಿರಣ್ಯಕೇಶಿ ಹೊಳೆ ಅಂಬೋಲಿಯ ಗುಹೆಯಲ್ಲಿ ಹುಟ್ಟುವುದರಿಂದ ಹೊಳೆಗೆ ಎದುರಾಗಿ ಏರುತ್ತಾ ಹೋಗಬೇಕು. ಮಳೆಗಾಲದಲ್ಲಿ ಘಾಟಿನ ತುಂಬ ಮಂಜು. ಹಾರರ್ ಚಿತ್ರದವರು ಹೊಗೆ ಯಂತ್ರಕ್ಕೆ ಬಾಡಿಗೆ ಕೊಡುವುದೇ ಬೇಡ! ಇಳಿದರೆ ಕಟ್ಟಿಗೆ ಆಟಿಗೆಗಳ ಸಾವಂತವಾಡಿ. ಗೋಕಾಕದ ಬಣ್ಣದ ಗೊಂಬೆ ಕಂಡವರಿಗೆ ಅದೇನು ಹೊಸದಲ್ಲ, ಮುಂದೆ ನಡೆಯಿರಿ. ಕುಡಾಳದ ಪಕ್ಕದಲ್ಲೇ ಪಿಂಗುಳಿ.

ಇಲ್ಲಿನ ಠಾಕರ್ ಜನ ದಾರದ ಗೊಂಬೆ, ತೊಗಲು ಗೊಂಬೆ ಎರಡನ್ನೂ ಆಡಿಸುತ್ತಾರೆ. ಹಾಳೆಯ ಮೇಲಿನ ಚಿತ್ರ ತೋರಿಸುತ್ತ ಕಥೆ ಹಾಡುವ ಚಿತ್ರಕಥಿಯೂ ಇವರದೇ. ಪರಶುರಾಮ ಗಂಗಾವಣೆ ಅವರು ದನದ ಕೊಟ್ಟಿಗೆಯನ್ನೇ ಮ್ಯೂಸಿಯಂ ಮಾಡಿದರು. 2021ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ತೊಗಲು ಗೊಂಬೆಯ ಮುಖದಲ್ಲಿ ಕಣ್ಣು ಮಿಟುಕುವುದಿಲ್ಲ, ತುಟಿ ಅಲುಗುವುದಿಲ್ಲ. ಆದರೂ ಉಸಿರಾಡುತ್ತದೆ! ಗುಟ್ಟು ಇರುವುದು ಹಿಂದಿನ ಎಣ್ಣೆ ದೀಪದಲ್ಲಿ. ಜ್ವಾಲೆ ನಡುಗಿದರೆ ನೆರಳೂ ನಡುಗುತ್ತದೆ. ಪರದೆಯಿಂದ ಹಿಂದಕ್ಕೆ, ದೀಪದ ಹತ್ತಿರಕ್ಕೆ ಎಳೆದರೆ ರಾವಣ ಊದಿಕೊಂಡು ಮಸುಕಾಗಿ ಮೈಮೇಲೆ ಬರುತ್ತಾನೆ. ಕ್ಯಾಮೆರಾ ಹುಟ್ಟುವ ಮುಂಚಿನ ಕ್ಲೋಸಪ್ಪು ಸ್ವಾಮಿ ಇದು! ಕರೆಂಟ್ ಬಲ್ಬು ಹಾಕಿದರೆ ಬೆಳಕು ಹೆಚ್ಚಿತು ನಿಜ, ಆದರೆ ಆ ಉಸಿರು ಹೋಯಿತು.

ನಮ್ಮ ಕಡೆಯ ಕಿಳ್ಳೇಕ್ಯಾತರ ವಿದ್ಯೆಯೂ ಇದೇ. ಕಿಳ್ಳೇಕ್ಯಾತ, ಬಂಗಾರಕ್ಕ ಎಂಬ ಪೋಲಿ ಜೋಡಿ ಪರದೆಗೆ ಬಂದರೆ ಯಾವ ಸೆನ್ಸಾರ್ ಬೋರ್ಡೂ ತಡೆಯಲಾರದು. ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಎಂಬ ಹಣ್ಣುಹಣ್ಣು ಮುದುಕಿಗೆ ಈ ಆಟಕ್ಕಾಗಿ ಪದ್ಮಶ್ರೀ ಬಂದದ್ದು 2025ರಲ್ಲಿ, ತೊಂಬತ್ತು ದಾಟಿದ ಮೇಲೆ. ನಮ್ಮ ಹೀರೋಗಳಿಗೆ ಇಷ್ಟು ತಡವಾದರೆ ಅಭಿಮಾನಿಗಳು ಸುಮ್ಮನಿರುತ್ತಿದ್ದರೇ?

ಈ ಗೊಂಬೆಗಳಿಗೂ ಜೀವವಿದೆ ಎಂದೇ ಆಡಿಸುವವರ ನಡವಳಿಕೆ. ಪೆಟ್ಟಿಗೆಯಲ್ಲಿ ದೇವರನ್ನೂ ರಾಕ್ಷಸರನ್ನೂ ಬೇರೆಬೇರೆ ಮಲಗಿಸುತ್ತಾರೆ, ಕೂಡಿಸಿಟ್ಟರೆ ಒಳಗೇ ಜಗಳವಂತೆ! ಹರಿದು ಹಳತಾದ ಗೊಂಬೆಯನ್ನು ತಿಪ್ಪೆಗೆ ಎಸೆಯುವಂತಿಲ್ಲ. ಪೂಜೆ ಮಾಡಿ ಹೊಳೆಗೆ ಬಿಡಬೇಕು. ತೂಲಾನನ ಗೊಂಬೆಗಳು ಯಜಮಾನನನ್ನು ಗೋರಿಯಿಂದ ಎಬ್ಬಿಸಿದವು, ಇಲ್ಲಿ ಯಜಮಾನನೇ ಗೊಂಬೆಗೆ ಕೊನೆಯ ಸಂಸ್ಕಾರ ಮಾಡುತ್ತಾನೆ.

ಪಿಂಗುಳಿಗೆ ಹೋದರೆ ಆಟ ಮುಗಿದ ಕೂಡಲೇ ಎದ್ದು ಬರಬೇಡಿ. ಪರದೆಯ ಹಿಂದಕ್ಕೆ ಹೋಗಿ, ಗೊಂಬೆಗಳನ್ನು ಪೆಟ್ಟಿಗೆಗೆ ಇಡುವುದನ್ನು ನೋಡಿ. ಯಾರನ್ನು ಯಾರ ಪಕ್ಕ ಮಲಗಿಸುತ್ತಾರೆ ಅಂತ ಲಕ್ಷ್ಯ ಇರಲಿ.