ಹಿಟ್ಟಿನ ಕೋಳಿ ಕೂಗಿದಾಗ

ಉಜ್ಜಯಿನಿಯ ದೇವಿಯ ಗುಡಿಯಲ್ಲಿ ನಿಂತಿದ್ದೀರಿ. ಎದುರಿಗೆ ಒಂದು ಕೋಳಿ. ಜುಟ್ಟು, ಕೊಕ್ಕು, ಗರಿಗಳ ಬಣ್ಣ ಎಲ್ಲ ಇವೆ, ಉಸಿರೊಂದಿಲ್ಲ. ಹಿಟ್ಟಿನ ಕೋಳಿ ಅದು. ಕತ್ತಿ ಹಿಡಿದವನು ಅರಸ ಯಶೋಧರ, ಪಕ್ಕದಲ್ಲಿ ತಾಯಿ ಚಂದ್ರಮತಿ.

ಅವನ ಮುಖ ನೋಡಿ, ನಿದ್ದೆಗೆಟ್ಟ ಮುಖ. ಮಾವುತನ ಹಾಡಿಗೆ ಮರುಳಾದ ರಾಣಿ ಅಮೃತಮತಿ ನಡುರಾತ್ರಿ ಎದ್ದುಹೋದದ್ದನ್ನು ಕಣ್ಣಾರೆ ಕಂಡವನು. ಅಂದು ಕೊಲ್ಲಲೆತ್ತಿದ ಕೈಯನ್ನು ತಡೆದುಕೊಂಡ. ಆದರೆ ತಾಯಿಗೆ ನಿಜ ಹೇಳಲಾರದೆ ಕೆಟ್ಟ ಕನಸು ಬಿತ್ತೆಂದ. ಹಾಗಾದರೆ ಬಲಿ ಕೊಡು ಮಗನೇ ಎಂದಳು ತಾಯಿ. ಜೀವಹಿಂಸೆ ಒಲ್ಲೆನೆಂದ ಮಗ. ಈ ಎಳೆದಾಟದಲ್ಲಿ ಹುಟ್ಟಿದ್ದೇ ಹಿಟ್ಟಿನ ಕೋಳಿ.

ಕತ್ತಿ ಇಳಿಯಿತು. ಕೋಳಿ ಕೂಗಿತು!

ಒಳಗೊಂದು ಬೆಂತರ ಹೊಕ್ಕಿತ್ತು ಎನ್ನುತ್ತಾನೆ 1209ರಲ್ಲಿ ‘ಯಶೋಧರ ಚರಿತೆ’ ಬರೆದ ಜನ್ನ. ಆ ಕೂಗು ಯಶೋಧರನ ಎದೆಯನ್ನೇ ಸೀಳಿತು. ಒಂದು ಹನಿ ನೆತ್ತರೂ ಬೀಳಲಿಲ್ಲ ನಿಜ, ಆದರೆ ಕಡಿಯುವ ಮನಸ್ಸು ಕಡಿದಾಗಿತ್ತು. ಜೈನರು ಇದನ್ನು ಸಂಕಲ್ಪಹಿಂಸೆ ಎನ್ನುತ್ತಾರೆ. ಅಮೃತಮತಿ ಇಟ್ಟ ವಿಷಕ್ಕೆ ತಾಯಿ ಮಗ ಇಬ್ಬರೂ ಸತ್ತು, ನವಿಲು, ನಾಯಿ, ಮೀನು, ಆಡು ಎಂದು ಜನ್ಮಜನ್ಮ ಅಲೆದರು.

ಈಗ ಅದೇ ಅರಮನೆಯ ಅಡುಗೆಮನೆಗೆ ಬನ್ನಿ. ಯಶೋಧರನ ಮಗ ಯಶೋಮತಿ ತಂದೆಯ ಶ್ರಾದ್ಧ ಮಾಡಿಸುತ್ತಿದ್ದಾನೆ. ತಂದೆಗೆ ಸದ್ಗತಿಯಾಗಲೆಂಬ ಭಕ್ತಿಯಲ್ಲಿ ಕಪಟವಿಲ್ಲ. ಕೊಯ್ಯಲು ತಂದ ಹೋತ ಮಾತ್ರ ಅವನ ತಂದೆಯೇ. ಅಲ್ಲಿ ಗುಡಿಯಲ್ಲಿ ಜೀವ ಹೋಗದಿದ್ದರೂ ಕೊಲೆಯಾಯಿತು. ಇಲ್ಲಿ ಕೊಲ್ಲುವ ಹಗೆಯಿಲ್ಲದೆ ಜೀವ ಹೋಯಿತು. ಉದ್ದೇಶ ಒಳ್ಳೆಯದಿತ್ತೆಂದು ಕುಯ್ಯಿಸಿಕೊಂಡವನ ನೋವು ಕಡಿಮೆಯಾದೀತೆ? ನಾನಂತೂ ಒಪ್ಪಲಾರೆ.

ಕೊನೆಗೆ ಆ ತಾಯಿ ಮಗ ಕೋಳಿಗಳಾಗಿ ಹುಟ್ಟಿ, ಯಶೋಮತಿಯ ಒಂದೇ ಬಾಣಕ್ಕೆ ಸತ್ತು, ಅವನಿಗೇ ಅವಳಿ ಮಕ್ಕಳಾದರು. ಕೊಂದವನನ್ನೇ ಅಪ್ಪಾ ಎಂದು ಕರೆದ ಆ ಹುಡುಗ ಅಭಯರುಚಿ ಇಂದು ರಾಜಪುರದ ಮಾರಿಗುಡಿಯಲ್ಲಿ ತಂಗಿಯೊಡನೆ ಬಲಿಗಾಗಿ ನಿಂತಿದ್ದಾನೆ. ಸುತ್ತಲೂ ಬಲಿಗೆ ಕಟ್ಟಿದ ಪ್ರಾಣಿಗಳ ಅರಚಾಟ. ಎದುರಿಗೆ ದೊರೆ ಮಾರಿದತ್ತನ ಬಿಚ್ಚುಗತ್ತಿ. ಹುಡುಗ ನಡುಗಲಿಲ್ಲ, ಶಪಿಸಲಿಲ್ಲ. ದೊರೆಗೆ ಒಳಿತನ್ನೇ ಹರಸಿ, ತನ್ನ ಕತೆಯನ್ನು ಹೇಳಿದ. ಕೇಳುತ್ತ ಕೇಳುತ್ತ ಮಾರಿದತ್ತ ಬದಲಾದ. ಬಲಿ ನಿಲ್ಲಿಸಿ, ರಾಜ್ಯ ಬಿಟ್ಟು ದೀಕ್ಷೆ ಹಿಡಿದ.

ಲೆಕ್ಕವಿಲ್ಲದಷ್ಟು ಜೀವಗಳನ್ನು ಕಡಿಸಿದ ದೊರೆಗೆ ಹೀಗೆ ಮರಳುವ ದಾರಿ ಸಿಕ್ಕಿತು. ಇಬ್ಬರಿಗೆ ವಿಷವಿಟ್ಟ ಅಮೃತಮತಿಗೆ ಆ ದಾರಿಯನ್ನು ಯಾರೂ ತೋರಿಸಲಿಲ್ಲ. ಜನ್ನ ಆಕೆಯನ್ನು ನರಕಕ್ಕೇ ಕಳಿಸಿದ. ಕಾವ್ಯ ಎಷ್ಟೇ ದೊಡ್ಡದಿರಲಿ, ಇದೊಂದು ಅನ್ಯಾಯವೆಂದೇ ನಾನು ಹೇಳುತ್ತೇನೆ.