ಎಲುಬಿನ ವಿಳಾಸ

ನೆಲವನ್ನೇ ನೋಡುತ್ತ ಹೊಲದಲ್ಲಿ ನಡೆಯುವವನನ್ನು ನಮ್ಮ ಸೀಮೆಯಲ್ಲಿ ಯಾರೂ ಹುಚ್ಚನೆನ್ನುವುದಿಲ್ಲ. ಮುಂಗಾರಿನ ಮೊದಲ ಹದಮಳೆ ಬಿದ್ದೊಡನೆ ತುಗ್ಗಲಿ, ಜೊನ್ನಗಿರಿ, ಮದ್ದಿಕೇರ ಕಡೆಯ ಹೊಲಗಳಿಗೆ ದೂರದೂರದ ಜನ ಬುತ್ತಿ ಕಟ್ಟಿಕೊಂಡು ಬರುತ್ತಾರೆ. ಬೆನ್ನು ಬಾಗಿಸಿ ವಜ್ರ ಹುಡುಕುತ್ತಾರೆ. ಮಳೆ ಮಣ್ಣನ್ನು ತೊಳೆದು ಕಲ್ಲನ್ನು ಮೇಲೆ ಬಿಡುತ್ತದೆ. ಹುಡುಕುವವನಿಗೆ ಬೇಕಾದುದು ಕಣ್ಣು, ತಾಳ್ಮೆ ಮತ್ತು ಬಿಸಿಲು ತಡೆಯುವ ಒಂದು ರುಮಾಲು.

ಇದೇ ವಿದ್ಯೆಯಿಂದ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಲೈಮ್ ರೀಜಿಸ್ ಎಂಬ ಊರಿನಲ್ಲಿ ಮೇರಿ ಆ್ಯನಿಂಗ್ ಎಂಬ ಬಡಗಿಯ ಮಗಳು ಹೊಟ್ಟೆ ಹೊರೆದಳು. ಬಿರುಗಾಳಿ ಮಳೆಗೆ ಕಡಲ ದಂಡೆಯ ಬಂಡೆ ಕುಸಿದಾಗ ಅದರೊಳಗಿನ ಕಲ್ಲಾದ ಎಲುಬುಗಳು ಹೊರಬೀಳುತ್ತಿದ್ದವು. ಅವನ್ನು ಆರಿಸಿ ಮಾರುವುದು ಆ ಮನೆಯ ಕಸುಬು. 1811ರಲ್ಲಿ ಅವಳ ಅಣ್ಣ ಒಂದು ವಿಚಿತ್ರ ತಲೆಬುರುಡೆಯನ್ನು ಕಂಡ. ಮರುವರ್ಷ ಮೇರಿ ಅದರ ಉಳಿದ ದೇಹವನ್ನು ಪತ್ತೆಮಾಡಿದಳು. ಆಗ ಅವಳಿಗೆ ಹನ್ನೆರಡೋ ಹದಿಮೂರೋ ವಯಸ್ಸು. ಆ ಪ್ರಾಣಿಯನ್ನು ವಿದ್ವಾಂಸರು ಮುಂದೆ ಇಕ್ತಿಯೋಸಾರ್ ಎಂದು ಕರೆದರು. ಮೀನಿನಂತೆ ಈಜುತ್ತಿದ್ದ, ಆದರೆ ನಮ್ಮಂತೆ ಗಾಳಿಯನ್ನು ಉಸಿರಾಡುತ್ತಿದ್ದ, ಮೊಟ್ಟೆಯಿಡದೆ ನೀರಿನಲ್ಲಿಯೇ ಮರಿಹಾಕುತ್ತಿದ್ದ ಸರೀಸೃಪ ಅದು. ಅದು ಡೈನೋಸಾರ್ ಅಲ್ಲ. ಡೈನೋಸಾರ್‌ಗಳ ಕಾಲದಲ್ಲಿಯೇ ಕಡಲನ್ನು ಆಳಿದ ಬೇರೊಂದು ವಂಶ.

ಈ ಕಥೆಯನ್ನು ನನ್ನ ಪರಿಚಯದವರ ಮಗನೊಬ್ಬನಿಗೆ ಹೇಳಿದವನು ನಾನೇ. ಕನ್ನಡ ಮಾಧ್ಯಮದಲ್ಲಿ ಏಳನೆಯ ತರಗತಿ ಓದುವ ಹುಡುಗ. ಕಳೆದ ಬೇಸಗೆಯಲ್ಲಿ ಗೋನೆಗಂಡ್ಲದ ಸಮೀಪ ಗಾಜುಲದಿನ್ನೆ ಜಲಾಶಯದ ನೀರು ಹಿಂದೆ ಸರಿದಿದ್ದಾಗ, ಅವನು ದಂಡೆಯಲ್ಲೆಲ್ಲ ಅಲೆದು ಒಂದು ಗೊಬ್ಬರದ ಚೀಲದ ತುಂಬ ‘ಎಲುಬು’ಗಳನ್ನು ಹೊತ್ತು ತಂದ. ಅವನಿಗೆ ಇದ್ದ ಸಂಶಯಗಳು ಎರಡು. ಇವು ಸಮುದ್ರದ ಸರೀಸೃಪದವೇ? ಮತ್ತು, ಇವು ತನ್ನವೇ? ಎರಡನೆಯದನ್ನು ಅವನು ವಕೀಲನೆಂದೇ ನನ್ನನ್ನು ಕೇಳಿದ್ದ.

ಮೊದಲನೆಯದಕ್ಕೆ ಉತ್ತರ ಸುಲಭವಾಗಿತ್ತು. ಚೀಲದಲ್ಲಿದ್ದುದು ಬಹುಪಾಲು ಎರೆಮಣ್ಣಿನಲ್ಲಿ ತಾನಾಗಿ ಗಂಟುಕಟ್ಟುವ ಸುಣ್ಣಗಲ್ಲು. ನೋಡಲು ಅದು ಬೆರಳ ಗೆಣ್ಣಿನಂತೆ, ಕೆಲವೊಮ್ಮೆ ಮಂಡಿಚಿಪ್ಪಿನಂತೆಯೇ ಇರುತ್ತದೆ. ಒಡೆದು ನೋಡಿದರೆ ಒಳಗೂ ಹೊರಗೂ ಒಂದೇ ಬಗೆಯ ಮುದ್ದೆ. ಎಲುಬಾದರೆ ಹೊರಗೆ ಗಟ್ಟಿ ಪದರ, ಒಳಗೆ ಜೇನುಗೂಡಿನಂಥ ಸಣ್ಣ ರಂಧ್ರಗಳು. ಕಲ್ಲಾದ ಮೇಲೂ ಆ ಜಾಲ ಸಾಮಾನ್ಯವಾಗಿ ಉಳಿದಿರುತ್ತದೆ. ಚೀಲದಲ್ಲಿ ನಿಜವಾದ ಹಲ್ಲೊಂದಿತ್ತು. ಅದು ಎತ್ತಿನದು, ಬಹಳ ಹಳೆಯದೂ ಅಲ್ಲ.

ಹುಡುಗನ ಮುಖ ಬಾಡಿತು. ಆದರೆ ನಮ್ಮೂರಿನಲ್ಲಿ ಕಡಲ ಸರೀಸೃಪ ಏಕೆ ಸಿಗುವುದಿಲ್ಲ ಎಂಬ ಕಥೆ, ಸಿಕ್ಕಿದ್ದರೆ ಹೇಳಬಹುದಾಗಿದ್ದ ಕಥೆಗಿಂತ ದೊಡ್ಡದು. ಆದೋನಿಯ ಕೋಟೆ ನಿಂತಿರುವ ಗುಂಡುಬಂಡೆಗಳು, ಗೋನೆಗಂಡ್ಲದ ಸುತ್ತಲಿನ ಬೆಣಚು, ಇವು ಸುಮಾರು 250 ಕೋಟಿ ವರ್ಷ ಹಳೆಯ ಶಿಲೆ. ಇಕ್ತಿಯೋಸಾರ್‌ಗಳು ಬಂದುದು ಸುಮಾರು 25 ಕೋಟಿ ವರ್ಷಗಳ ಹಿಂದೆ, ಅಳಿದುದು ಸುಮಾರು 9 ಕೋಟಿ ವರ್ಷಗಳ ಹಿಂದೆ. ಅವು ಹುಟ್ಟಿ ಸಾಯುವ ಹೊತ್ತಿಗೆ ನಮ್ಮ ಬಂಡೆಗಳಾಗಲೇ ಮುದಿಬಂಡೆಗಳು. ಪೂರ್ವಕ್ಕೆ ಎರ್ರಮಲ ಬೆಟ್ಟಗಳ ಕಡೆ ಹೋದರೆ ಸುಣ್ಣಶಿಲೆ ಸಿಗುತ್ತದೆ. ನಮ್ಮ ಮನೆಗಳ ನೆಲಕ್ಕೆ ಹಾಸುವ ಬೇತಂಚೆರ್ಲದ ಚಪ್ಪಡಿ ಅಲ್ಲಿಯದು, ಮತ್ತು ಅದು ನಿಜವಾಗಿಯೂ ಕಡಲತಳ. ಮಕ್ಕಳು ಕುಳಿತು ಮಗ್ಗಿ ಬರೆಯುವ ಆ ಕಲ್ಲು ಒಂದು ಕಾಲದ ಸಮುದ್ರದ ಕೆಸರು. ಆದರೆ ಆ ಸಮುದ್ರದಲ್ಲಿ ಬೆನ್ನೆಲುಬುಳ್ಳ ಜೀವಿ ಒಂದೂ ಇರಲಿಲ್ಲ. ಎಲುಬೆಂಬ ವಸ್ತು ಭೂಮಿಯ ಮೇಲೆ ಇನ್ನೂ ಹುಟ್ಟಿಯೇ ಇರಲಿಲ್ಲ.

ಕಡಲ ಸರೀಸೃಪ ಬೇಕಾದವರು ತಮಿಳುನಾಡಿನ ಅರಿಯಲೂರಿಗೋ ಗುಜರಾತಿನ ಕಚ್ಛಕ್ಕೋ ಹೋಗಬೇಕು. ತಿರುಚಿನಾಪಳ್ಳಿ ಸೀಮೆಯ ಶಿಲೆಗಳಲ್ಲಿ ಪಳೆಯುಳಿಕೆಗಳನ್ನು 1840ರ ಆಸುಪಾಸಿನಲ್ಲಿ ಮೊದಲು ಆರಿಸಿ ಕಳುಹಿಸಿದವರಲ್ಲಿ ಕೇ ಮತ್ತು ಕನ್ಲಿಫ್ ಎಂಬ ಮದ್ರಾಸ್ ಸಿವಿಲ್ ಸರ್ವಿಸಿನ ಅಧಿಕಾರಿಗಳಿದ್ದರು. ಅವರು ಭೂವಿಜ್ಞಾನಿಗಳಲ್ಲ, ಕಡತಗಳ ನಡುವೆ ಬದುಕಿದವರು. (ಕಡತದ ಧೂಳು ಕುಡಿಯುವ ನನ್ನಂಥವನಿಗೆ ಇದು ಸಣ್ಣ ಸಮಾಧಾನ.) ಅದೇ ಸೀಮೆಯ ಕೆಲವು ಕಶೇರುಕಗಳನ್ನು ನೋಡಿ ಲೈಡೆಕ್ಕರ್ 1879ರಲ್ಲಿ ‘ಇಕ್ತಿಯೋಸಾರಸ್ ಇಂಡಿಕಸ್’ ಎಂಬ ಹೆಸರಿಟ್ಟರು. ಕಚ್ಛದ ಲೋಡಾಯಿ ಗ್ರಾಮದ ಬಳಿ ದೊರೆತದ್ದು ಇನ್ನೂ ಹೊಸ ಸಂಗತಿ. ದೆಹಲಿ ವಿಶ್ವವಿದ್ಯಾನಿಲಯದ ಗುಂಟುಪಲ್ಲಿ ವಿ. ಆರ್. ಪ್ರಸಾದ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಆ ಅಸ್ಥಿಪಂಜರ ಸುಮಾರು ಐದೂವರೆ ಮೀಟರ್ ಉದ್ದದ್ದು, 15 ಕೋಟಿ ವರ್ಷಗಳಷ್ಟು ಹಳೆಯದು, ಬಹುಮಟ್ಟಿಗೆ ಪೂರ್ಣವಾದುದು. ಭಾರತದಲ್ಲಿ ಜುರಾಸಿಕ್ ಕಾಲದ ಇಕ್ತಿಯೋಸಾರ್ ದೊರೆತದ್ದು ಅದೇ ಮೊದಲು.

ಹಾಗೆಂದು ನಮ್ಮ ನೆಲ ಬರಿಗೈಯದಲ್ಲ. ನಮ್ಮ ಎಲುಬುಗಳು ಬಂಡೆಯೊಳಗಿಲ್ಲ, ಬಂಡೆ ಕೊರೆದಾದ ಗವಿಗಳಲ್ಲಿವೆ. ಬೇತಂಚೆರ್ಲದ ಸಮೀಪದ ಬಿಲ್ಲಸುರ್ಗಂ ಗವಿಗಳಲ್ಲಿ ಎಲುಬಿನ ರಾಶಿ ಇರುವುದನ್ನು ಕ್ಯಾಪ್ಟನ್ ನ್ಯೂಬೋಲ್ಡ್ 1844ರಲ್ಲಿಯೇ ಬರೆದಿಟ್ಟಿದ್ದ. ಆಮೇಲೆ ನಲವತ್ತು ವರ್ಷ ಅದನ್ನು ಯಾರೂ ಗಮನಿಸಲಿಲ್ಲ. ಲಂಡನ್ನಿನಿಂದ ಹಕ್ಸ್‌ಲಿ ಒತ್ತಾಯಿಸಿದ ಮೇಲೆ, ಮದ್ರಾಸಿನ ಗವರ್ನರ್ ಗ್ರಾಂಟ್ ಡಫ್ ಅವರ ಆಸಕ್ತಿಯಿಂದ, ರಾಬರ್ಟ್ ಬ್ರೂಸ್ ಫೂಟ್ ಆ ಗವಿಗಳಿಗೆ ಬಂದರು. ಬಳ್ಳಾರಿ ಜಿಲ್ಲೆಯ ಭೂವಿಜ್ಞಾನವನ್ನು ಬರೆದ ಫೂಟ್ ಅವರೇ ಇವರು. ನಮ್ಮ ಆದೋನಿ 1953ರವರೆಗೂ ಆ ಜಿಲ್ಲೆಯದೇ ಆಗಿತ್ತು. ಗೋಕಾಕದ ಬಳಿ ಖಡ್ಗಮೃಗದ ಪಳೆಯುಳಿಕೆಯನ್ನು ಕಂಡವರೂ ಇವರೇ. 1883–84ರಲ್ಲಿ ಅವರೂ ಸೈನ್ಯದಲ್ಲಿ ಲೆಫ್ಟಿನೆಂಟ್ ಆಗಿದ್ದ ಅವರ ಮಗ ಹೆನ್ರಿಯೂ ಗವಿಯ ನೆಲವನ್ನು ಪದರ ಪದರವಾಗಿ ಅಗೆದು, ಯಾವ ಎಲುಬು ಯಾವ ಆಳದಲ್ಲಿ ಸಿಕ್ಕಿತೆಂದು ಬರೆದುಕೊಂಡರು. ಒಂದು ಗವಿಗೆ ಅವರು ‘ಎಲುಬಿನ ಮನೆ’ ಎಂಬ ಅರ್ಥದ ಹೆಸರನ್ನೇ ಇಟ್ಟರು. ಲೈಡೆಕ್ಕರ್ 1886ರಲ್ಲಿ ಆ ಎಲುಬುಗಳನ್ನು ವಿವರಿಸಿ, ಅಲ್ಲಿ ದೊರೆತ ಖಡ್ಗಮೃಗಕ್ಕೆ ಕರ್ನೂಲಿನ ಹೆಸರನ್ನೇ ಕೊಟ್ಟರು. ಕತ್ತೆಕಿರುಬ, ಮುಳ್ಳುಹಂದಿ, ಕಾಡುಕತ್ತೆ, ಕೋತಿಯ ಜಾತಿಗಳು, ಹೀಗೆ ಒಂದು ಇಡೀ ಅಡವಿ ಆ ಮಣ್ಣಿನಲ್ಲಿತ್ತು. ನೂರಮೂವತ್ತು ವರ್ಷಗಳ ನಂತರ ವಿಜ್ಞಾನಿಗಳು ಅದೇ ಗವಿಗಳಿಗೆ ಮರಳಿ ಬಂದು, ಕಳೆದ ಎರಡು ಲಕ್ಷ ವರ್ಷಗಳಲ್ಲಿ ನಮ್ಮ ಕಾಡಿನ ಪ್ರಾಣಿಗಳು ಬಹುಪಾಲು ಅಳಿಯದೆ ಉಳಿದುಬಂದವೆಂದು 2014ರಲ್ಲಿ ತೋರಿಸಿದರು. ಬೇರೆ ಖಂಡಗಳಲ್ಲಿ ಆ ಅವಧಿಯಲ್ಲಿ ದೊಡ್ಡ ಪ್ರಾಣಿಗಳು ಸಾಲುಸಾಲಾಗಿ ಅಳಿದಿದ್ದವು. ಪದರಗಳು ಕದಡದೆ ಉಳಿದಿದ್ದ ಕಡೆಯಲ್ಲಿ ಮಾತ್ರ ಇಂಥದನ್ನು ಓದಲು ಸಾಧ್ಯ.

ಈಗ ಹುಡುಗನ ಎರಡನೆಯ ಪ್ರಶ್ನೆ. ಸಿಕ್ಕಿದ್ದು ಸಿಕ್ಕವನದೇ?

ಪಳೆಯುಳಿಕೆಗೆಂದೇ ಮಾಡಿದ ಸಮಗ್ರ ಕಾನೂನು ನಮ್ಮ ದೇಶದಲ್ಲಿಲ್ಲ. 1972ರ ಪ್ರಾಚೀನ ವಸ್ತುಗಳ ಅಧಿನಿಯಮ ಮನುಷ್ಯನ ಇತಿಹಾಸವನ್ನು ಕಣ್ಣಮುಂದಿಟ್ಟು ಬರೆದದ್ದು. ಇಕ್ತಿಯೋಸಾರ್ ಅದರೊಳಗೆ ಸರಾಗವಾಗಿ ಹಿಡಿಸುವುದಿಲ್ಲ. ಭೂಪಾರಂಪರಿಕ ತಾಣಗಳ ರಕ್ಷಣೆಗೆ ಕೇಂದ್ರದ ಗಣಿ ಸಚಿವಾಲಯ 2022ರಲ್ಲಿ ಒಂದು ಕರಡು ಮಸೂದೆಯನ್ನು ಪ್ರಕಟಿಸಿತು. ಅದು ಕರಡಾಗಿಯೇ ಉಳಿದಿದೆ. ಉಳಿದದ್ದು 1878ರ ನಿಧಿ ಅಧಿನಿಯಮ. ಅದರ ಪ್ರಕಾರ ನೆಲದಲ್ಲಿ ಅಡಗಿರುವ, ಬೆಲೆಯುಳ್ಳ ಯಾವ ವಸ್ತುವೂ ನಿಧಿಯೇ. ‘ಅಡಗಿರುವ’ ಎಂಬ ಮಾತಿಗೆ ಯಾರೋ ಅಡಗಿಸಿಟ್ಟ ಎಂಬ ಧ್ವನಿಯಿದೆ. ಪ್ರಕೃತಿ ಹೂತದ್ದು ನಿಧಿಯಲ್ಲವೆಂದು ನಾನು ನ್ಯಾಯಾಲಯದಲ್ಲಿ ವಾದಿಸಬಲ್ಲೆ, ಎದುರಿನ ವಕೀಲರು ಅದಕ್ಕೆ ವಿರುದ್ಧವಾಗಿಯೂ ವಾದಿಸಬಲ್ಲರು. ಆದರೆ ಆ ಹಳೆಯ ಅಧಿನಿಯಮದ ನಾಲ್ಕನೆಯ ಕಲಮು ನನಗೆ ಬಹಳ ಪ್ರಿಯ. ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕವನು ಕಲೆಕ್ಟರರಿಗೆ ಬರಹದಲ್ಲಿ ಮೂರು ಸಂಗತಿ ತಿಳಿಸಬೇಕು: ಸಿಕ್ಕಿದ್ದೇನು, ಎಲ್ಲಿ, ಯಾವ ದಿನ. ಎಲುಬು ಹುಡುಕುವ ವಿದ್ಯೆಯೂ ಮೊದಲು ಕೇಳುವುದು ಈ ಮೂರನ್ನೇ.

ಎಲುಬು ಸಾಕ್ಷಿ. ಸಾಕ್ಷಿಯನ್ನು ನಾವು ಮೊದಲು ಕೇಳುವುದು, ‘ಆಗ ನೀನು ಎಲ್ಲಿದ್ದೆ?’ ಎಂದು. ಯಾವ ಪದರದಲ್ಲಿ, ಯಾವುದರ ಪಕ್ಕದಲ್ಲಿ ಇತ್ತೆಂಬುದು ಗೊತ್ತಿಲ್ಲದ ಎಲುಬು ಪಾಟೀಸವಾಲಿಗೆ ನಿಲ್ಲುವುದಿಲ್ಲ. ಮನೆಯ ಕಪಾಟಿನಲ್ಲಿ ಅದು ಚೆಂದ ಕಾಣುತ್ತದೆ, ಅಷ್ಟೆ. ಫೂಟ್ ಅವರು ಆರಿಸಿದ ಕಲ್ಲಿನ ಆಯುಧಗಳು 1904ರಲ್ಲಿ ಮದ್ರಾಸಿನ ವಸ್ತುಸಂಗ್ರಹಾಲಯವನ್ನು ಸೇರಿದವು. ಊರಿನ ಹೆಸರಿನೊಡನೆ ಪಟ್ಟಿಯಾಗಿರುವುದರಿಂದ ಅವು ಇಂದಿಗೂ ಮಾತನಾಡುತ್ತವೆ. ಎರ್ರಮಲದ ಒಂದು ಸಣ್ಣ ಗವಿಯಲ್ಲಿ ನಾನು ಇದಕ್ಕೆ ವಿರುದ್ಧವಾದುದನ್ನು ಕಂಡೆ. ನಿಧಿಯ ಆಸೆಗೆ ಯಾರೋ ನಡುನೆಲವನ್ನು ಎದೆಯುದ್ದ ಅಗೆದಿದ್ದರು. ಅರಿಸಿನ, ಕುಂಕುಮ, ಒಡೆದ ತೆಂಗಿನಕಾಯಿ ಅಲ್ಲಿಯೇ ಬಿದ್ದಿದ್ದವು. ಹೊರಗೆ ಸುರಿದ ಮಣ್ಣಿನಲ್ಲಿ ಎಲುಬಿನ ಚೂರುಗಳಿದ್ದವು. ಯಾವುದು ಮೇಲಿನದು, ಯಾವುದು ಕೆಳಗಿನದು ಎಂದು ಇನ್ನು ಯಾರೂ ಹೇಳಲಾರರು. ಬಂಗಾರವಂತೂ ಸಿಕ್ಕಿರಲಾರದು.

ಅಗೆಯಬೇಡ ಎಂದು ಹುಡುಗನಿಗೆ ಹೇಳಿದೆ. ಮಳೆ ತಾನಾಗಿ ತೆಗೆದುಕೊಟ್ಟದ್ದನ್ನು ಮಾತ್ರ ನೋಡು. ಮೀಸಲು ಅರಣ್ಯದಿಂದ ಒಂದು ಹರಳನ್ನೂ ತರಬೇಡ. ಬೇರೆಯವರ ಹೊಲವಾದರೆ ಕೇಳಿ ಕಾಲಿಡು. ‘ಹಾಗಾದರೆ ನನ್ನದೆನ್ನುವುದು ಏನು?’ ಎಂದ. ಮೇರಿಯ ಮೊದಲ ಇಕ್ತಿಯೋಸಾರ್ ಸುಮಾರು 23 ಪೌಂಡಿಗೆ ಊರಿನ ಜಮೀನುದಾರನಿಗೆ ಮಾರಾಟವಾಯಿತೆಂದು ಹೇಳಿದೆ. 1823ರಲ್ಲಿ ಅವಳು ಕಂಡುಹಿಡಿದ, ನೀಳ ಕತ್ತಿನ ಪ್ಲೀಸಿಯೋಸಾರನ್ನು ಮರುವರ್ಷ ಲಂಡನ್ನಿನ ಭೂವಿಜ್ಞಾನ ಸಂಘದಲ್ಲಿ ಪಂಡಿತರು ವಿವರಿಸಿದಾಗ ಅವಳ ಹೆಸರನ್ನು ಎತ್ತಲೇ ಇಲ್ಲ. ಸ್ತ್ರೀಯರಿಗೆ ಆ ಸಭೆಗೆ ಪ್ರವೇಶವೂ ಇರಲಿಲ್ಲ. ಎಲುಬು ಯಾರದಾದರೂ ಆಗಲಿ, ಕಂಡವರ ಹೆಸರು ಚೀಟಿಯಲ್ಲಿರಬೇಕೆಂದು ನಾನು ಹಟ ಹಿಡಿಯುವುದು ಇದಕ್ಕಾಗಿ. ಆ ಚೀಟಿಯನ್ನು ನಮ್ಮ ಮಕ್ಕಳು ಕನ್ನಡದಲ್ಲಿಯೇ ಬರೆಯಲಿ. ಫೂಟ್ ತಮ್ಮ ಭಾಷೆಯಲ್ಲಿ ಬರೆದುಕೊಂಡರು. ಊರು, ಹಳ್ಳ, ಗುಡ್ಡದ ಹೆಸರುಗಳನ್ನು ಅವರಿಗೆ ಹೇಳಿಕೊಟ್ಟವರು ಇಲ್ಲಿಯವರೇ ಇರಬೇಕು.

ಪಾಲಕರಿಗೆ ಎರಡು ಮಾತು. ಮಗು ಎಲುಬಿನಂಥದನ್ನು ಕಂಡರೆ ಇದ್ದಲ್ಲಿಯೇ ಬಿಟ್ಟು, ಪಕ್ಕದಲ್ಲಿ ಪೆನ್ಸಿಲನ್ನೋ ನಾಣ್ಯವನ್ನೋ ಅಳತೆಗೆಂದು ಇಟ್ಟು ಹತ್ತಿರದಿಂದ ಒಂದು, ದೂರದ ಗುಡ್ಡವೋ ಮರವೋ ಕಾಣುವಂತೆ ಇನ್ನೊಂದು ಚಿತ್ರ ತೆಗೆಯಿರಿ. ದಿನಾಂಕ, ಹೊಲದ ಹೆಸರು, ಮಗುವಿನ ಹೆಸರು ಬರೆದಿಡಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ದಕ್ಷಿಣ ವಲಯದ ಕಚೇರಿ ಹೈದರಾಬಾದಿನಲ್ಲಿದೆ. ಚಿತ್ರಗಳನ್ನು ಅಲ್ಲಿಗೆ ಕಳುಹಿಸಬಹುದು. ಪತ್ರ ಬರೆಯಲು ನೆರವು ಬೇಕಾದವರು ಭಾನುವಾರ ಬೆಳಿಗ್ಗೆ ನನ್ನ ಮನೆಗೆ ಬರಲಿ. ಆ ಹೊತ್ತಿನಲ್ಲಿ ಕಕ್ಷಿದಾರರು ಇರುವುದಿಲ್ಲ.